ಮೊದಲ ಸಲ ಎಂಎಲ್ಎ ಚುನಾವಣೆಗೆ ನಿಲ್ಲುವವರಿಗೆ: ಮತದಾರರ ಪಟ್ಟಿಯಿಂದ ಎಣಿಕೆವರೆಗೆ ಪೂರ್ತಿ ಕೆಲಸ

"ಈ ಸಲ ನೀವೇ ನಿಲ್ಲಬೇಕು ಸಾರ್, ನಾವೆಲ್ಲಾ ಇದ್ದೀವಿ" ಅಂತ ನಾಲ್ಕು ಜನ ಹೇಳಿದ ಕೂಡಲೇ ಫ್ಲೆಕ್ಸ್ ಹಾಕಿಸುವವರು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ. ಫಲಿತಾಂಶದ ದಿನ ನೋಡಿದರೆ ಠೇವಣಿಯೂ ಇಲ್ಲ, ಆ ನಾಲ್ಕು ಜನರೂ ಇಲ್ಲ. ಅವರು ಸೋಲೋದು ಭಾಷಣ ಬಾರದೆ ಇರೋದಕ್ಕಲ್ಲ. ಬೂತ್ ಕೆಲಸ ಮತ್ತು ಕಾಗದದ ಕೆಲಸ, ಇವೆರಡನ್ನೂ ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅಂತ ಬಿಟ್ಟಿರುತ್ತಾರೆ.

ಇದು ಕರ್ನಾಟಕ ವಿಧಾನಸಭೆಗೆ ಪಕ್ಷೇತರರಾಗಿಯೋ ಸಣ್ಣ ಪಕ್ಷದಿಂದಲೋ ನಿಲ್ಲುವವರಿಗಾಗಿ ಬರೆದದ್ದು. ದೊಡ್ಡ ಪಕ್ಷದ ಟಿಕೆಟ್ ಬೇಕು ಅನ್ನುವವರ ಅರ್ಧ ಹೋರಾಟ ಬಿ ಫಾರಂ (ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಅಂತ ಪಕ್ಷ ಕೊಡುವ ಪತ್ರ) ಕೈಗೆ ಬರುವವರೆಗೆ ಬೆಂಗಳೂರು, ದೆಹಲಿಯಲ್ಲಿ ನಡೆಯುತ್ತದೆ. ಆ ದಾರಿ ಬೇರೆ. ಬಿ ಫಾರಂ ಸಿಕ್ಕ ಮೇಲಿನ ಕೆಲಸಕ್ಕೆ ಮಾತ್ರ ಇಲ್ಲಿರುವುದು ಅವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಲೆಕ್ಕ ಹಾಕಿ, ಆಮೇಲೆ ಮನಸ್ಸು ಮಾಡಿ

ರಾಜ್ಯದಲ್ಲಿ 224 ಕ್ಷೇತ್ರಗಳಿವೆ. 2023ರಲ್ಲಿ ಒಟ್ಟು ಮತದಾರರು ಸುಮಾರು 5.3 ಕೋಟಿ, ಮತಗಟ್ಟೆಗಳು 58 ಸಾವಿರಕ್ಕಿಂತ ಜಾಸ್ತಿ. ಸರಾಸರಿ ತೆಗೆದರೆ ಒಂದು ಕ್ಷೇತ್ರಕ್ಕೆ ಹತ್ತಿರ ಹತ್ತಿರ 2.37 ಲಕ್ಷ ಮತದಾರರು, 260 ಬೂತ್. ಬೆಂಗಳೂರಿನ ಕೆಲವು ಕ್ಷೇತ್ರಗಳಲ್ಲಿ ಇದಕ್ಕಿಂತ ತುಂಬಾ ಜಾಸ್ತಿ, ಮಲೆನಾಡಿನಲ್ಲಿ ಕಡಿಮೆ. ಮತದಾನ ಶೇ. 73ರ ಆಸುಪಾಸು ಆಯಿತು. ಅಂದರೆ ಚಲಾವಣೆಯಾಗುವ ಮತ 1.7 ಲಕ್ಷದಷ್ಟು.

ಠೇವಣಿ ಉಳಿಯಬೇಕಾದರೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ನಿಮಗೆ ಬರಬೇಕು. ನೋಟಾ ಇದರಲ್ಲಿ ಲೆಕ್ಕಕ್ಕಿಲ್ಲ. ಇಂಥ ಸರಾಸರಿ ಕ್ಷೇತ್ರದಲ್ಲಿ ಅದು ಸುಮಾರು 28 ಸಾವಿರ ಮತ. ನಿಮ್ಮ ಸ್ವಂತ ಹೋಬಳಿ, ನಿಮ್ಮ ಸಮುದಾಯ, ನಿಮ್ಮ ಗೆಳೆಯರು ಎಲ್ಲಾ ಸೇರಿಸಿದರೂ ಆ ಸಂಖ್ಯೆ ಹತ್ತಿರ ಬರುತ್ತಾ? ಒಂದು ಹಾಳೆ ತೆಗೆದುಕೊಂಡು ಬೂತ್‌ವಾರು ಬರೆಯಿರಿ. "ಜನ ಬದಲಾವಣೆ ಬಯಸಿದ್ದಾರೆ" ಅನ್ನುವುದಕ್ಕೆ ಹಾಳೆಯಲ್ಲಿ ಕಾಲಂ ಇರಲ್ಲ.

2023ರಲ್ಲಿ 2,600ಕ್ಕೂ ಹೆಚ್ಚು ಜನ ಕಣದಲ್ಲಿದ್ದರು. ಪಕ್ಷೇತರರಾಗಿ ಗೆದ್ದವರು ಇಬ್ಬರೇ: ಹರಪನಹಳ್ಳಿಯಲ್ಲಿ ಲತಾ ಮಲ್ಲಿಕಾರ್ಜುನ್, ಗೌರಿಬಿದನೂರಿನಲ್ಲಿ ಪುಟ್ಟಸ್ವಾಮಿ ಗೌಡ. ಇಬ್ಬರಿಗೂ ಆಗಲೇ ಕ್ಷೇತ್ರದಲ್ಲಿ ಹೆಸರಿತ್ತು. ಸಣ್ಣ ಪಕ್ಷದಿಂದ ಮೇಲುಕೋಟೆಯಲ್ಲಿ ದರ್ಶನ್ ಪುಟ್ಟಣ್ಣಯ್ಯ ಗೆದ್ದರು, ಅಲ್ಲಿ ರೈತ ಸಂಘಟನೆಯ ಹಳೆಯ ಬೇರಿತ್ತು, ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ಹಾಕಲೇ ಇಲ್ಲ. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಗೆಲುವು, ಠೇವಣಿ, ಮುಂದಿನ ಚುನಾವಣೆಗೆ ಹೆಸರು, ತಾಲೂಕಿನ ಒಂದು ಸಮಸ್ಯೆಯನ್ನು ಚರ್ಚೆಗೆ ತರುವುದು, ಇವುಗಳಲ್ಲಿ ನಿಮ್ಮ ಗುರಿ ಯಾವುದು ಅಂತ ನಿಮಗೆ ಮೊದಲೇ ಗೊತ್ತಿರಲಿ. ಎಷ್ಟು ದುಡ್ಡು ಹಾಕಬೇಕು ಅನ್ನುವುದು ಅದರ ಮೇಲೇ ನಿಂತಿದೆ.

ನಿಲ್ಲೋಕೆ ನಿಮಗೆ ಅರ್ಹತೆ ಇದೆಯಾ?

ವಯಸ್ಸು 25 ತುಂಬಿರಬೇಕು. ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಲ್ಲುವ ಕ್ಷೇತ್ರದಲ್ಲೇ ಇರಬೇಕು ಅಂತೇನಿಲ್ಲ. ಆದರೆ ಬೇರೆ ಕಡೆ ಹೆಸರಿದ್ದರೆ ಆ ಪಟ್ಟಿಯ ದೃಢೀಕೃತ ಪ್ರತಿ ತಂದುಕೊಡಬೇಕು. 36 ಕ್ಷೇತ್ರಗಳು ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ನಿಲ್ಲುವವರು ಜಾತಿ ಪ್ರಮಾಣಪತ್ರ ಸಿದ್ಧ ಇಟ್ಟುಕೊಳ್ಳಿ.

ಸರ್ಕಾರಿ ನೌಕರಿಯಲ್ಲಿದ್ದರೆ ರಾಜೀನಾಮೆ ಅಂಗೀಕಾರ ಆಗಿರಬೇಕು, ಕೊಟ್ಟಿದ್ದರೆ ಸಾಲದು. ಗುತ್ತಿಗೆದಾರರು ಜಾಸ್ತಿ ಎಡವೋದು ಇನ್ನೊಂದು ಕಡೆ: ರಾಜ್ಯ ಸರ್ಕಾರದ ಜೊತೆ ಕಾಮಗಾರಿ ಅಥವಾ ಸರಬರಾಜಿನ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಅನರ್ಹತೆಯ ಪ್ರಶ್ನೆ ಏಳುತ್ತದೆ. ರಸ್ತೆ, ಚರಂಡಿ ಕೆಲಸ ಹಿಡಿದಿರುವವರು ನಾಮಪತ್ರಕ್ಕೆ ತಿಂಗಳುಗಳ ಮೊದಲೇ ವಕೀಲರನ್ನು ಕೇಳಿ. ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಆಗಿದ್ದರೆ, ಬಿಡುಗಡೆಯಾಗಿ ಆರು ವರ್ಷ ಕಳೆಯುವವರೆಗೆ ನಿಲ್ಲುವಂತಿಲ್ಲ. ಕೇಸು ನಡೆಯುತ್ತಿದ್ದರೆ ನಿಲ್ಲಬಹುದು, ಆದರೆ ಅದನ್ನು ಮುಚ್ಚಿಡುವಂತಿಲ್ಲ.

ಮತದಾರರ ಪಟ್ಟಿ: ನಿಜವಾದ ಪ್ರಚಾರ ಶುರುವಾಗೋದು ಇಲ್ಲಿಂದ

ಚುನಾವಣೆಗೆ ಒಂದು ವರ್ಷ ಇದೆ ಅನ್ನುವಾಗಲೇ ಈ ಕೆಲಸಕ್ಕೆ ಕೈ ಹಾಕಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ಬೂತ್‌ವಾರು ಪಟ್ಟಿ ಕನ್ನಡದಲ್ಲೇ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ, ಪ್ರತಿ ಬೂತ್‌ಗೆ ಒಂದು ಫೈಲ್ ಮಾಡಿ, ಆ ಊರಿನ ಒಬ್ಬ ಮನುಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಮನೆ ಓದಿ. ಇವರು ತೀರಿಕೊಂಡಿದ್ದಾರೆ, ಇವರು ಮದುವೆಯಾಗಿ ಬೇರೆ ಊರಿಗೆ ಹೋದರು, ಈ ಮೂವರು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ ಆದರೆ ಮತಕ್ಕೆ ಬರುತ್ತಾರೆ, ಈ ಹುಡುಗನಿಗೆ 18 ಆಗಿದೆ ಇನ್ನೂ ಹೆಸರು ಸೇರಿಲ್ಲ. ಸಂಜೆ ಎರಡು ಗಂಟೆ ಕೂತರೆ ಒಂದು ಬೂತ್ ಮುಗಿಯುತ್ತದೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಇದನ್ನು ಮುಗಿಸಿದವರಿಗೆ ಆ ಊರಿನ ಬಗ್ಗೆ ಗೊತ್ತಾಗುವಷ್ಟು ಯಾವ ಸಮೀಕ್ಷೆ ಕಂಪನಿಗೂ ಗೊತ್ತಾಗಲ್ಲ.

ಹೊಸ ಹೆಸರು ಸೇರಿಸೋಕೆ ನಮೂನೆ 6, ತೆಗೆಸೋಕೆ ನಮೂನೆ 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಯಾರು ಅಂತ ಪ್ರತಿ ಬೂತ್‌ನಲ್ಲೂ ತಿಳಿದುಕೊಳ್ಳಿ, ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ. ಅವರು ನಿಮ್ಮ ಪರ ಇರಬೇಕಿಲ್ಲ, ಇರಲೂ ಬಾರದು, ಅರ್ಜಿ ತೆಗೆದುಕೊಂಡರೆ ಸಾಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನಕ್ಕಿಂತ ಸುಮಾರು ಹತ್ತು ದಿನ ಮೊದಲೇ ಅರ್ಜಿ ಸೇರಿರಬೇಕು, ಆಮೇಲೆ ಬಂದದ್ದು ಈ ಚುನಾವಣೆಗೆ ಬರಲ್ಲ. ಮತದಾನದ ಬೆಳಿಗ್ಗೆ "ನನ್ನ ಹೆಸರೇ ಇಲ್ಲ" ಅಂತ ಕೂಗಾಡುವವರನ್ನು ನೋಡುತ್ತೇವಲ್ಲಾ, ಅವರಲ್ಲಿ ನಿಮ್ಮವರು ಇರಬಾರದು ಅಷ್ಟೇ.

ಪಟ್ಟಿಯಲ್ಲಿ ಪ್ರತಿ ಮನೆಗೆ ಒಂದು ಗುರುತು ಹಾಕಿ: ನಮ್ಮವರು, ಅವರವರು, ಇನ್ನೂ ನಿರ್ಧಾರ ಮಾಡಿಲ್ಲದವರು. ಮೂರನೇ ಗುಂಪಿನ ಮನೆಗಳಿಗೆ ಹೋಗೋಕೆ ನಿಮ್ಮ ಕಾಲು ಉಳಿಸಿಕೊಳ್ಳಿ.

ಜನ ಯಾರು ಬೇಕು

ಪ್ರತಿ ಬೂತ್‌ಗೆ ಒಬ್ಬ ಮುಖ್ಯಸ್ಥ, ಅವರ ಜೊತೆ ನಾಲ್ಕೈದು ಜನ. 260 ಬೂತ್‌ಗೆ 1,300ರಿಂದ 1,500 ಜನ ಆಯ್ತು. ಇಷ್ಟು ಜನ ಸಿಗದಿದ್ದರೆ, ಸಿಗುವ ನೂರೋ ನೂರೈವತ್ತೋ ಬೂತ್ ಮೇಲೆ ಗಮನ ಇಡಿ. ಎಲ್ಲಾ ಕಡೆ ತೆಳ್ಳಗೆ ಹರಡಿಕೊಂಡವರಿಗೆ ಎಲ್ಲೂ ಏನೂ ಸಿಗಲ್ಲ.

ಹುಡುಕುವ ಜಾಗ: ಹಾಲಿನ ಡೈರಿ, ಸ್ತ್ರೀಶಕ್ತಿ ಸಂಘ, ರೈತ ಸಂಘ, ಗ್ರಾಮ ಪಂಚಾಯಿತಿಗೆ ನಿಂತು ಸ್ವಲ್ಪದರಲ್ಲಿ ಸೋತವರು. ಈ ಕೊನೆಯವರು ಬಂಗಾರ. ತಮ್ಮ ವಾರ್ಡಿನ ಮತ ಅವರಿಗೆ ಬೆರಳ ತುದಿಯಲ್ಲಿರುತ್ತದೆ, ಜೊತೆಗೆ ಗೆದ್ದವನ ಮೇಲೆ ಸಣ್ಣ ಹಟವೂ ಇರುತ್ತದೆ. ಹೆಂಗಸರ ಮನೆ ಭೇಟಿಗೆ ಹೆಂಗಸರೇ ಹೋಗಲಿ. ಅಡುಗೆ ಮನೆಯಲ್ಲಿ ಏನು ಮಾತಾಯಿತು ಅನ್ನುವುದು ಜಗುಲಿಯಲ್ಲಿ ಕೂತ ಗಂಡಸರಿಗೆ ಗೊತ್ತಾಗಲ್ಲ.

ಇವರಲ್ಲದೆ ಮೂವರು ಬೇಕೇ ಬೇಕು. ಕಾನೂನು ಗೊತ್ತಿರುವ ಒಬ್ಬ ಸ್ಥಳೀಯ ವಕೀಲರು. ಲೆಕ್ಕ ಬರೆಯುವ ಒಬ್ಬರು, ಸಹಕಾರ ಸಂಘದಲ್ಲಿ ಕಾರ್ಯದರ್ಶಿ ಆಗಿದ್ದವರು ಸಿಕ್ಕರೆ ಇನ್ನೂ ಒಳ್ಳೆಯದು. ಮತ್ತೆ ಚುನಾವಣಾ ಏಜೆಂಟ್. ಈತ ನಮೂನೆ 8ರಲ್ಲಿ (ಮತದಾರರ ಪಟ್ಟಿಯ ನಮೂನೆ 8 ಅಲ್ಲ, ಅದೇ ಸಂಖ್ಯೆಯ ಬೇರೆ ನಮೂನೆ) ನೀವು ಅಧಿಕೃತವಾಗಿ ನೇಮಿಸುವ ಮನುಷ್ಯ, ನಿಮ್ಮ ಪರವಾಗಿ ಸಹಿ ಹಾಕಬಲ್ಲವನು. ಅವನು ಮಾಡಿದ ಅಕ್ರಮ ನಿಮ್ಮ ತಲೆಗೇ ಬರುತ್ತದೆ. ಹಾಗಾಗಿ ಭಾವಮೈದುನ ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಅವನಿಗೆ ಕೊಡಬೇಡಿ. ಕೋಪ ಕಡಿಮೆ ಇರುವ, ಫೋನ್ ಎತ್ತುವ, ಕಾಗದ ಓದುವ ಮನುಷ್ಯನಿಗೆ ಕೊಡಿ.

ನಾಮಪತ್ರ

2023ರ ವೇಳಾಪಟ್ಟಿ ನೋಡಿ. ಏಪ್ರಿಲ್ 13ಕ್ಕೆ ಅಧಿಸೂಚನೆ, 20 ನಾಮಪತ್ರಕ್ಕೆ ಕೊನೆಯ ದಿನ, 21 ಪರಿಶೀಲನೆ, 24 ವಾಪಸ್ ಪಡೆಯೋಕೆ ಕೊನೆ, ಮೇ 10 ಮತದಾನ, 13 ಎಣಿಕೆ. ಒಂದು ತಿಂಗಳಲ್ಲಿ ಎಲ್ಲಾ ಮುಗಿಯಿತು. ನಾಮಪತ್ರಕ್ಕೆ ಸಿಗುವುದು ಒಂದು ವಾರ, ಅದರಲ್ಲೂ ಸಾರ್ವಜನಿಕ ರಜೆ ಬಂದರೆ ಆ ದಿನ ಸ್ವೀಕರಿಸಲ್ಲ. ಸಮಯ ಬೆಳಿಗ್ಗೆ 11ರಿಂದ ಮಧ್ಯಾಹ್ನ 3.

ಪಂಚಾಂಗ ನೋಡಿ ಒಳ್ಳೆಯ ಮುಹೂರ್ತಕ್ಕೆ ಹೋಗುವವರೇ ಜಾಸ್ತಿ. ಹೋಗಿ, ಬೇಡ ಅನ್ನಲ್ಲ. ಆದರೆ ಆ ಮುಹೂರ್ತ ಕೊನೆಯ ದಿನ ಎರಡೂಮುಕ್ಕಾಲಿಗೆ ಬಂದರೆ ಮಾತ್ರ ಬೇರೆ ಮುಹೂರ್ತ ಕೇಳಿ. ತಪ್ಪು ಸಿಕ್ಕರೆ ತಿದ್ದೋಕೆ ಎರಡು ದಿನವಾದರೂ ಕೈಯಲ್ಲಿರಬೇಕು. ಒಂದು ಕ್ಷೇತ್ರಕ್ಕೆ ನಾಲ್ಕು ಸೆಟ್‌ವರೆಗೆ ನಾಮಪತ್ರ ಕೊಡಬಹುದು, ಠೇವಣಿ ಮಾತ್ರ ಒಂದೇ ಸಲ. ಮೊದಲ ಸೆಟ್ ಬೇಗ ಸದ್ದಿಲ್ಲದೆ ಕೊಟ್ಟುಬಿಡಿ, ಮೆರವಣಿಗೆ ಜೊತೆ ಎರಡನೆಯದು ಕೊಡಿ. ದೊಡ್ಡ ಪಕ್ಷದವರೂ ಮಾಡೋದು ಇದೇ.

ಅರ್ಜಿ ನಮೂನೆ 2ಬಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕುವವರು, ಸಾಕು. ಪಕ್ಷೇತರರಿಗೂ, ನೋಂದಣಿ ಮಾತ್ರ ಆಗಿರುವ ಪಕ್ಷದವರಿಗೂ ಹತ್ತು ಸೂಚಕರು ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ನಾಮಪತ್ರ ತಿರಸ್ಕಾರ ಆಗೋದು ಬಹಳ ಸಲ ಇಲ್ಲೇ. ಊರಲ್ಲೇ ವಾಸ ಇರುವ ಮನುಷ್ಯನ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿರುತ್ತದೆ, ಯಾರೂ ನೋಡಿರಲ್ಲ. ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆಯುವಾಗ ಇತ್ತೀಚಿನ ಪಟ್ಟಿಯನ್ನೇ ಎದುರಿಗೆ ಇಟ್ಟುಕೊಳ್ಳಿ. ಸಣ್ಣ ಅಕ್ಷರ ದೋಷಕ್ಕೆ ನಾಮಪತ್ರ ತಳ್ಳಿಹಾಕುವಂತಿಲ್ಲ, ಆದರೆ ಸೂಚಕ ಮತದಾರನೇ ಅಲ್ಲದಿದ್ದರೆ ಯಾರೂ ಉಳಿಸೋಕಾಗಲ್ಲ. ಪ್ರತಿ ಸೆಟ್‌ಗೆ ಬೇರೆ ಬೇರೆ ಹತ್ತು ಜನ ಇದ್ದರೆ ಕ್ಷೇಮ. ಹೆಬ್ಬೆಟ್ಟು ಒತ್ತುವವರಾದರೆ ಚುನಾವಣಾಧಿಕಾರಿಯ ಮುಂದೆಯೇ ಒತ್ತಬೇಕು, ಮನೆಯಲ್ಲಿ ಒತ್ತಿಸಿಕೊಂಡು ಬಂದರೆ ಆಗಲ್ಲ. ಅದಕ್ಕೇ ಸಹಿ ಮಾಡುವವರನ್ನೇ ಆರಿಸಿಕೊಳ್ಳಿ.

ಠೇವಣಿ 10 ಸಾವಿರ ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5 ಸಾವಿರ. ನಗದು ಕೊಡಬಹುದು ಅಥವಾ ಖಜಾನೆಗೆ ಕಟ್ಟಿ ಚಲನ್ ತರಬಹುದು. ಚೆಕ್ ತೆಗೆದುಕೊಳ್ಳಲ್ಲ.

ಇನ್ನು ನಮೂನೆ 26ರ ಪ್ರಮಾಣಪತ್ರ, ಎಲ್ಲರೂ ಅಫಿಡವಿಟ್ ಅನ್ನುವುದು ಇದಕ್ಕೇ. ನಿಮ್ಮ, ನಿಮ್ಮ ಹೆಂಡತಿ ಅಥವಾ ಗಂಡನ, ಅವಲಂಬಿತರ ಆಸ್ತಿ, ಸಾಲ, ಐದು ವರ್ಷದ ಆದಾಯ ತೆರಿಗೆ ವಿವರ, ಪಾನ್, ಕೇಸುಗಳು, ಓದು, ಸೋಷಿಯಲ್ ಮೀಡಿಯಾ ಖಾತೆಗಳು. ಸರ್ಕಾರಿ ಮನೆಯಲ್ಲಿ ಇದ್ದವರು ಬಾಡಿಗೆ, ಕರೆಂಟು, ನೀರು, ಫೋನಿನ ಬಾಕಿ ಇಲ್ಲ ಅನ್ನುವ ಪತ್ರವನ್ನೂ ತರಬೇಕು. ಒಂದು ಕಾಲಂ ಕೂಡ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ "ಇಲ್ಲ" ಅಂತ, ನಿಮಗೆ ಸಂಬಂಧವೇ ಇಲ್ಲದಿದ್ದರೆ "ಅನ್ವಯಿಸುವುದಿಲ್ಲ" ಅಂತ ಬರೆಯಿರಿ. ಗೆರೆ ಎಳೆದು ಬಿಡೋದು ಬೇಡ. ಖಾಲಿ ಬಿಟ್ಟಿದ್ದನ್ನು ಅಧಿಕಾರಿ ತೋರಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದು ಎಲ್ಲರೂ ಓದಬಹುದಾದ ಕಾಗದ, ವೆಬ್‌ಸೈಟ್‌ಗೆ ಹಾಕುತ್ತಾರೆ. ನಿಮ್ಮ ಎದುರಾಳಿ ಅದನ್ನು ನಿಮಗಿಂತ ಶ್ರದ್ಧೆಯಿಂದ ಓದುತ್ತಾನೆ.

ಅಧಿಕಾರಿಯ ಕಚೇರಿಯ 100 ಮೀಟರ್ ಒಳಗೆ ಮೂರೇ ವಾಹನ, ಕೊಠಡಿಯೊಳಗೆ ನಿಮ್ಮನ್ನೂ ಸೇರಿಸಿ ಐದೇ ಜನ. ನಾಮಪತ್ರ ಕೊಟ್ಟ ಮೇಲೆ ಪ್ರತಿಜ್ಞೆ ಸ್ವೀಕರಿಸದೆ ಹೊರಗೆ ಬರಬೇಡಿ. ಪರಿಶೀಲನೆಯ ಹಿಂದಿನ ದಿನದೊಳಗೆ ಅದು ಆಗಿರಲೇಬೇಕು, ಹೊರಗೆ ಹಾರ ಹಾಕೋಕೆ ಕಾಯುತ್ತಿರುವವರ ಗಡಿಬಿಡಿಯಲ್ಲಿ ಮರೆತುಹೋಗುವ ವಿಷಯ ಇದು. ಪರಿಶೀಲನೆಯ ದಿನ ವಕೀಲರ ಜೊತೆ ನೀವೇ ಹೋಗಿ ಕೂತುಕೊಳ್ಳಿ.

ಚಿಹ್ನೆ, ಹೆಸರು, ಫೋಟೋ

ಪಕ್ಷೇತರರು ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕು. ಒಂದೇ ಚಿಹ್ನೆಯನ್ನು ಇಬ್ಬರು ಪಕ್ಷೇತರರು ಕೇಳಿದರೆ ಚೀಟಿ ಎತ್ತುತ್ತಾರೆ. ಬಾಯಲ್ಲಿ ಒಂದೇ ಸಲಕ್ಕೆ ಹೇಳಬಹುದಾದ, ಚಿಕ್ಕದಾಗಿ ಕಪ್ಪು ಬಿಳುಪಿನಲ್ಲಿ ಅಚ್ಚಾದರೂ ಅಜ್ಜಿಗೆ ಗೊತ್ತಾಗುವ ವಸ್ತು ಆರಿಸಿ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಸುಮಲತಾ ಅವರಿಗೆ ಸಿಕ್ಕಿದ್ದು ಕಹಳೆ ಊದುವ ರೈತನ ಚಿಹ್ನೆ, ಆ ಜಿಲ್ಲೆಗೆ ಅದಕ್ಕಿಂತ ಒಳ್ಳೆಯದು ಬೇಕಾ? ಅದೇ ಚುನಾವಣೆಯಲ್ಲಿ ಸುಮಲತಾ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು ಅನ್ನುವುದನ್ನೂ ನೆನಪಿಡಿ. ನಿಮ್ಮ ಹೆಸರಿನವರು ಒಬ್ಬರಾದರೂ ನಾಮಪತ್ರ ಹಾಕಬಹುದು. ಮತಯಂತ್ರದಲ್ಲಿ ಈಗ ಫೋಟೋ ಇರುವುದರಿಂದ ಸ್ವಲ್ಪ ವಾಸಿ, ಆದರೂ ಪ್ರಚಾರದಲ್ಲಿ ಹೆಸರಿಗಿಂತ ಕ್ರಮ ಸಂಖ್ಯೆ ಮತ್ತು ಚಿಹ್ನೆಯನ್ನೇ ಒತ್ತಿ ಹೇಳಿ. ಕ್ರಮ ಸಂಖ್ಯೆ ಗೊತ್ತಾಗೋದು ವಾಪಸ್ ದಿನ ಮುಗಿದ ಮೇಲೆ. ಮಾನ್ಯತೆ ಪಡೆದ ಪಕ್ಷದವರು ಮೇಲೆ, ಆಮೇಲೆ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು, ಪ್ರತಿ ಗುಂಪಿನೊಳಗೆ ಅಕ್ಷರ ಕ್ರಮ. ಕರಪತ್ರದ ಡಿಸೈನ್ ಮೊದಲೇ ಮಾಡಿಸಿಟ್ಟು, ಈ ಎರಡು ಜಾಗ ಖಾಲಿ ಬಿಟ್ಟಿರಿ. ಆ ರಾತ್ರಿಯೇ ಪ್ರೆಸ್‌ಗೆ ಹೋಗಬೇಕು.

ಪ್ರತಿ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2 ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಗೋಡೆ ಬರಹದ ಆಸೆ ಬಿಟ್ಟುಬಿಡಿ.

ದುಡ್ಡು ಮತ್ತು ಮೂರು ಬಣ್ಣದ ಹಾಳೆಗಳು

ನಮ್ಮ ರಾಜ್ಯದಲ್ಲಿ ಒಬ್ಬ ವಿಧಾನಸಭಾ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. 2022ರ ಜನವರಿಯಲ್ಲಿ ಇದನ್ನು ಏರಿಸಿದರು. 260 ಬೂತ್‌ಗೆ ಹಂಚಿದರೆ ಬೂತ್‌ಗೆ 15 ಸಾವಿರ ಚಿಲ್ಲರೆ. ದೊಡ್ಡವರು ನಿಜವಾಗಿ ಎಷ್ಟು ಖರ್ಚು ಮಾಡುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರೋ ಗುಟ್ಟು, ಆ ಆಟಕ್ಕೆ ನೀವು ಇಳಿದರೆ ಸೋಲು ಗ್ಯಾರಂಟಿ. ನಿಮ್ಮ ಹತ್ತಿರ ಇರುವುದು ಎಂಟೋ ಹತ್ತೋ ಲಕ್ಷ ಆದರೆ ಅದನ್ನು ಬೂತ್ ಜನರ ಓಡಾಟ, ಊಟ, ಕರಪತ್ರ, ಎರಡು ಪ್ರಚಾರದ ಆಟೋ, ಇಷ್ಟಕ್ಕೆ ಇಡಿ. ದೊಡ್ಡ ಸಮಾವೇಶ ಬೇಡವೇ ಬೇಡ. ಶಾಮಿಯಾನ, ಕುರ್ಚಿ, ಸೌಂಡು, ಬಿರಿಯಾನಿ, ಕರೆತರುವ ಗಾಡಿ, ಒಂದು ಸಂಜೆಗೆ ಅರ್ಧ ಬಜೆಟ್ ಹೋಗುತ್ತದೆ, ಬಂದವರಲ್ಲಿ ಅರ್ಧ ಜನ ಮಾರನೇ ದಿನ ಇನ್ನೊಬ್ಬರ ಸಮಾವೇಶದಲ್ಲಿ ಅದೇ ಕುರ್ಚಿ ಮೇಲೆ ಕೂತಿರುತ್ತಾರೆ.

ನಾಮಪತ್ರ ಕೊಡುವ ಒಂದು ದಿನ ಮೊದಲಾದರೂ ಚುನಾವಣೆಗಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಬ್ಯಾಂಕಿನವರು ಹೊಸ ಖಾತೆ, ಚೆಕ್ ಪುಸ್ತಕ ಅಂತ ದಿನ ತಳ್ಳಬಹುದು, ಎರಡು ವಾರ ಮೊದಲೇ ಹೋಗಿ. ಎಲ್ಲಾ ಖರ್ಚೂ ಈ ಖಾತೆಯಿಂದಲೇ. ಒಬ್ಬ ವ್ಯಕ್ತಿಗೆ ಅಥವಾ ಅಂಗಡಿಗೆ ಇಡೀ ಚುನಾವಣೆಯಲ್ಲಿ ನಗದಾಗಿ ಕೊಡಬಹುದಾದದ್ದು 10 ಸಾವಿರ ಮಾತ್ರ, ಅದಕ್ಕಿಂತ ಜಾಸ್ತಿಯಾದರೆ ಚೆಕ್ ಅಥವಾ ಆನ್‌ಲೈನ್. ನಗದು ದೇಣಿಗೆ ತೆಗೆದುಕೊಳ್ಳೋಕೂ ಅದೇ ಮಿತಿ.

ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಎಲ್ಲಾ ಖರ್ಚು ಲೆಕ್ಕಕ್ಕೆ ಬರುತ್ತದೆ. ಮೊದಲೇ ಕೊಂಡಿಟ್ಟ ಟೋಪಿ, ಶಾಲು ಆಮೇಲೆ ಹಂಚಿದರೆ ಅದೂ ಸೇರುತ್ತದೆ. ಅಧಿಕಾರಿ ಕೊಡುವ ರಿಜಿಸ್ಟರ್‌ನಲ್ಲಿ ಮೂರು ಭಾಗ: ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕ್. ಪ್ರಚಾರದ ಸಮಯದಲ್ಲಿ ಕನಿಷ್ಠ ಮೂರು ಸಲ ಇದನ್ನು ವೆಚ್ಚ ವೀಕ್ಷಕರ ಮುಂದೆ ತೋರಿಸಬೇಕು. ಅವರ ಕಡೆಯವರು ನಿಮ್ಮ ಸಭೆಯ ವಿಡಿಯೋ ತೆಗೆದು, ಕುರ್ಚಿ ಎಣಿಸಿ, ತಮ್ಮದೇ ಒಂದು ನೆರಳು ರಿಜಿಸ್ಟರ್ ಬರೆಯುತ್ತಿರುತ್ತಾರೆ. ಟೀ, ತಿಂಡಿ, ಹಾರ, ಕುರ್ಚಿ, ಜೀಪು, ಪ್ರತಿಯೊಂದಕ್ಕೂ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಮಾಡಿರುತ್ತಾರೆ. ನೀವು ಕುರ್ಚಿಯನ್ನು ಪುಕ್ಕಟೆ ತಂದಿದ್ದರೂ ಪಟ್ಟಿಯ ದರವೇ ಬೀಳುತ್ತದೆ. ದರಪಟ್ಟಿ ಮಾಡುವ ಮುಂಚೆ ಅಭ್ಯರ್ಥಿಗಳನ್ನು, ಪಕ್ಷಗಳನ್ನು ಕರೆದು ಸಭೆ ಮಾಡುತ್ತಾರೆ, ದರ ಜಾಸ್ತಿ ಅನ್ನಿಸಿದರೆ ಅಲ್ಲೇ ಬಾಯಿ ಬಿಡಿ. ಲೆಕ್ಕ ಬರೆಯುವವರು ಪ್ರತಿ ರಾತ್ರಿ ಬರೆಯಲಿ. ನಾಳೆ ಬರೆದರಾಯಿತು ಅಂದರೆ ಬಿಲ್ಲುಗಳು ಯಾರದೋ ಅಂಗಿ ಜೇಬಿನ ಜೊತೆ ಒಗೆದು ಹೋಗಿರುತ್ತವೆ.

50 ಸಾವಿರಕ್ಕಿಂತ ಜಾಸ್ತಿ ನಗದು ನಿಮ್ಮ ಗಾಡಿಯಲ್ಲಿ ಸಿಕ್ಕರೆ ಜಪ್ತಿ ಆಗುತ್ತದೆ. ಮತಕ್ಕೆ ದುಡ್ಡು, ಸೀರೆ, ಕುಕ್ಕರ್ ಹಂಚುವುದು ಅಪರಾಧ, ಗೆದ್ದ ಮೇಲೂ ಆಯ್ಕೆ ರದ್ದಾಗಬಹುದು. ಜಾತಿ, ಧರ್ಮ, ಭಾಷೆಯ ಹೆಸರಲ್ಲಿ ಮತ ಕೇಳಿದರೂ ಅಷ್ಟೇ. ಎದುರಿನವರು ಹಂಚುತ್ತಿರುವುದು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಸ್ಥಳದಲ್ಲೇ ಫೋಟೋ ಅಥವಾ ವಿಡಿಯೋ ತೆಗೆದು ಕಳಿಸಿ. ಹಳೆಯ ವಿಡಿಯೋ ಅದರಲ್ಲಿ ಹಾಕೋಕೆ ಬರಲ್ಲ. 100 ನಿಮಿಷದಲ್ಲಿ ಕ್ರಮ ಆಗಬೇಕು ಅನ್ನುವುದು ಅದರ ನಿಯಮ.

ಎರಡು ವಾರದ ಓಡಾಟ

ವಾಪಸ್ ದಿನದಿಂದ ಬಹಿರಂಗ ಪ್ರಚಾರ ಮುಗಿಯುವವರೆಗೆ 2023ರಲ್ಲಿ ಸಿಕ್ಕಿದ್ದು ಹದಿನಾಲ್ಕು ದಿನ. 260 ಬೂತ್ ಅಂದರೆ ದಿನಕ್ಕೆ ಹದಿನೆಂಟು ಹತ್ತೊಂಬತ್ತು. ನೀವೊಬ್ಬರೇ ಎಲ್ಲಾ ಮನೆಗೆ ಹೋಗೋಕೆ ಆಗಲ್ಲ. ಊರಿಗೆ ನೀವು ಹೋಗುವ ಮುಂಚೆಯೇ ಬೂತ್ ತಂಡ ಎರಡು ಸುತ್ತು ಮನೆ ಮುಗಿಸಿರಬೇಕು. ನೀವು ಹೋದಾಗ ಅರಳಿಕಟ್ಟೆ ಹತ್ತಿರ ಐದು ನಿಮಿಷ ಮಾತು, ಆ "ನಿರ್ಧಾರ ಮಾಡಿಲ್ಲದ" ಮನೆಗಳಲ್ಲಿ ಹತ್ತಿಪ್ಪತ್ತು ಮನೆ, ಮುಂದಿನ ಊರು.

ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಆರರಿಂದ ಡೈರಿಗೆ ಹಾಲು ಹಾಕೋಕೆ ಜನ ಬರುತ್ತಾರೆ, ಒಂದೇ ಕಡೆ ಅರ್ಧ ಊರು ಸಿಗುತ್ತದೆ. ಹತ್ತರಿಂದ ನಾಲ್ಕು ಹೊಲದಲ್ಲಿ ಇರುತ್ತಾರೆ, ಆ ಹೊತ್ತಲ್ಲಿ ಪಟ್ಟಣದ ಅಂಗಡಿ ಬೀದಿ, ಕಾರ್ಖಾನೆ ಗೇಟು, ಸಂತೆ. ಸಂಜೆ ಮತ್ತೆ ಊರು. ಏಪ್ರಿಲ್ ಮೇ ಬಿಸಿಲಿನಲ್ಲಿ ಮಧ್ಯಾಹ್ನ ಪಾದಯಾತ್ರೆ ಮಾಡಿ ಮೂರನೇ ದಿನಕ್ಕೆ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದರೆ ಯಾರಿಗೆ ಲಾಭ?

ಮಾತು ಸ್ಥಳೀಯವಾಗಿರಲಿ. ಆ ಊರಿನ ಕೆರೆ ಏರಿ, ಸಂಜೆ ಆರರ ನಂತರ ಇಲ್ಲದ ಬಸ್ಸು, ಪಹಣಿ ತಿದ್ದುಪಡಿಗೆ ತಾಲೂಕು ಕಚೇರಿ ಅಲೆದ ಕತೆ. ಬೂತ್ ಫೈಲ್‌ನಲ್ಲಿ ಪ್ರತಿ ಊರಿನ ಎರಡು ಸಮಸ್ಯೆ ಬರೆದಿಟ್ಟುಕೊಂಡರೆ ಗಾಡಿಯಲ್ಲಿ ಓದಿಕೊಂಡು ಇಳಿಯಬಹುದು. ಮಾಡೋಕೆ ಆಗದ್ದಕ್ಕೆ ಆಗಲ್ಲ ಅನ್ನಿ. ಶಾಸಕನ ಕೈಯಲ್ಲಿ ಏನಿದೆ, ಪಂಚಾಯಿತಿ ಕೈಯಲ್ಲಿ ಏನಿದೆ ಅಂತ ಬಿಡಿಸಿ ಹೇಳುವ ಅಭ್ಯರ್ಥಿ ಅಪರೂಪ, ಜನ ಕೇಳಿಸಿಕೊಳ್ಳುತ್ತಾರೆ.

ವಲಸೆ ಹೋದವರನ್ನು ಮರೆಯಬೇಡಿ. ಉತ್ತರ ಕರ್ನಾಟಕದ ಎಷ್ಟೋ ಕ್ಷೇತ್ರಗಳ ಮತದಾರರು ಬೆಂಗಳೂರು, ಗೋವಾ, ಪುಣೆ ಕಡೆ ದುಡಿಯುತ್ತಿರುತ್ತಾರೆ. ಅವರಿಗೆ ಫೋನ್ ಮಾಡಿ, ಅಲ್ಲಿಗೇ ಹೋಗಿ ಭೇಟಿ ಮಾಡಿ. ಆದರೆ ಬಸ್ಸು ಮಾಡಿ ಕರೆಸುವುದು ಅಂತ ಶುರು ಮಾಡಬೇಡಿ, ಮತದಾರರನ್ನು ಪುಕ್ಕಟೆ ವಾಹನದಲ್ಲಿ ಮತಗಟ್ಟೆಗೆ ಸಾಗಿಸುವುದು ಭ್ರಷ್ಟ ಆಚರಣೆ ಅಂತಲೇ ಕಾನೂನಿನಲ್ಲಿದೆ.

ಸಭೆ, ಮೆರವಣಿಗೆ, ಧ್ವನಿವರ್ಧಕ, ವಾಹನ, ಎಲ್ಲಕ್ಕೂ ಚುನಾವಣಾ ಆಯೋಗದ ಸುವಿಧಾ ಪೋರ್ಟಲ್‌ನಲ್ಲಿ ಕನಿಷ್ಠ 48 ಗಂಟೆ ಮೊದಲು ಅರ್ಜಿ. ಮೈದಾನ ಮೊದಲು ಕೇಳಿದವರಿಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕು ಇಲ್ಲ. ಟಿವಿ, ರೇಡಿಯೋ, ಸೋಷಿಯಲ್ ಮೀಡಿಯಾ ಜಾಹೀರಾತಿಗೆ ಎಂಸಿಎಂಸಿ ಅನ್ನುವ ಸಮಿತಿಯ ಒಪ್ಪಿಗೆ ಮೊದಲೇ ಬೇಕು, ಮೂರು ದಿನ ಮುಂಚೆ ಕೊಡಿ. ನಿಮ್ಮ ಮೇಲೆ ಕ್ರಿಮಿನಲ್ ಕೇಸಿದ್ದರೆ ಅದರ ವಿವರವನ್ನು ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆ ಮತ್ತು ಟಿವಿಯಲ್ಲಿ ಪ್ರಕಟಿಸಬೇಕು. ರೈತ ಹೋರಾಟದಲ್ಲಿ ಬಿದ್ದ ಕೇಸಾದರೂ ವಿನಾಯಿತಿ ಇಲ್ಲ, ಆ ಖರ್ಚನ್ನು ಬಜೆಟ್‌ನಲ್ಲಿ ಇಟ್ಟುಕೊಳ್ಳಿ.

ಮೈಕು ನಿಂತ ಮೇಲೆ

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ಬಂದ್. ಹೊರಗಿನಿಂದ ಬಂದ ಪ್ರಚಾರಕರು ಕ್ಷೇತ್ರ ಬಿಡಬೇಕು. ಈ ಎರಡು ರಾತ್ರಿ ಎದುರಿನವರ ಲಕೋಟೆಗಳು ಓಡಾಡುತ್ತವೆ. ನಿಮ್ಮ ಜನ ತಮ್ಮ ಬೂತ್‌ನಲ್ಲೇ ಇರಲಿ, ಮನೆ ಮನೆಗೆ ಹೋಗಿ ಮತದಾರರ ಚೀಟಿ ಕೊಡಲಿ. ಆ ಚೀಟಿ ಬಿಳಿ ಹಾಳೆ ಆಗಿರಬೇಕು, ಹೆಸರು, ಕ್ರಮ ಸಂಖ್ಯೆ, ಮತಗಟ್ಟೆ ಮಾತ್ರ, ನಿಮ್ಮ ಹೆಸರು ಚಿಹ್ನೆ ಇರಬಾರದು. ಸುಮ್ನೆ ಚೀಟಿ ಕೊಡುವ ನೆಪದಲ್ಲಿ ಕೊನೆಯ ಭೇಟಿಯೂ ಆಗುತ್ತದೆ.

ಮತದಾನದ ದಿನ

ಬೆಳಿಗ್ಗೆ 7ಕ್ಕೆ ಮತದಾನ ಅಂದರೆ ಅಣಕು ಮತದಾನ ಐದೂವರೆಗೆ. ನಮೂನೆ 10ರಲ್ಲಿ ನೇಮಕವಾದ ನಿಮ್ಮ ಏಜೆಂಟ್ ಆ ಹೊತ್ತಿಗೆ ಅಲ್ಲಿರಬೇಕು. ಕನಿಷ್ಠ 50 ಅಣಕು ಮತ ಹಾಕಿ, ಎಣಿಸಿ, ವಿವಿಪ್ಯಾಟ್ (ಹಾಕಿದ ಮತವನ್ನು ಕಾಗದದ ಚೀಟಿಯಲ್ಲಿ ತೋರಿಸುವ ಯಂತ್ರ) ಚೀಟಿಗೆ ತಾಳೆ ನೋಡಿ, ಎಲ್ಲಾ ಅಳಿಸಿ, ಸೀಲ್ ಮಾಡುತ್ತಾರೆ. ಏಜೆಂಟ್ ಯಂತ್ರದ ಸಂಖ್ಯೆ ಬರೆದುಕೊಳ್ಳಲಿ. ಒಬ್ಬ ಏಜೆಂಟ್, ಬದಲಿಗೆ ಇನ್ನಿಬ್ಬರನ್ನು ನೇಮಿಸಬಹುದು, ಒಳಗೆ ಒಂದು ಹೊತ್ತಿಗೆ ಒಬ್ಬರೇ. ಊಟ, ನೀರು ಅವರಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು, ಹಸಿದ ಏಜೆಂಟ್ ಎರಡು ಗಂಟೆಗೆ ಮನೆಗೆ ಹೋಗುತ್ತಾನೆ, ಎರಡೂವರೆಗೆ ತಕರಾರು ಶುರುವಾಗುತ್ತದೆ.

ನಿಮ್ಮ ಮೇಜು ಮತಗಟ್ಟೆಯಿಂದ 100 ಮೀಟರ್ ಆಚೆ, 2025ಕ್ಕೆ ಮುಂಚೆ ಇದು 200 ಮೀಟರ್ ಇತ್ತು. ಅಲ್ಲಿ ಕೂತವರ ಕೈಯಲ್ಲಿ ಗುರುತು ಹಾಕಿದ ಪಟ್ಟಿ ಇರಲಿ. ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ ಯಾರು ಬಂದಿಲ್ಲ ಅಂತ ನೋಡಿ ಹುಡುಗರನ್ನು ಮನೆಗೆ ಕಳಿಸಿ ನೆನಪಿಸಿ. ಮೊದಲು ನಿಮ್ಮ ತಂಡದವರೆಲ್ಲಾ ತಮ್ಮ ಮತ ಹಾಕಿರಲಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರ ಎದುರು ಒಂದೇ ಒಂದು ಮತದಿಂದ ಸೋತರು, ಕೃಷ್ಣಮೂರ್ತಿ ಅವರ ಕಾರು ಚಾಲಕರಿಗೇ ಮತ ಹಾಕೋಕೆ ಬಿಡುವಾಗಲಿಲ್ಲ ಅನ್ನುವ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ.

ಸಂಜೆ ಎಲ್ಲಾ ಮುಗಿದ ಮೇಲೆ ಮತಗಟ್ಟೆ ಅಧಿಕಾರಿ ನಮೂನೆ 17ಸಿ ಕೊಡುತ್ತಾರೆ. ಎಷ್ಟು ಮತ ಬಿತ್ತು, ಯಂತ್ರದ ಸಂಖ್ಯೆ ಏನು ಅಂತ ಅದರಲ್ಲಿರುತ್ತದೆ. ಅದನ್ನು ತೆಗೆದುಕೊಳ್ಳದೆ ಏಜೆಂಟ್ ಹೊರಗೆ ಬರಬಾರದು. ರಾತ್ರಿಯೇ ಎಲ್ಲಾ ಬೂತ್‌ನ 17ಸಿ ನಿಮ್ಮ ಕಚೇರಿಯಲ್ಲಿ ಕ್ರಮವಾಗಿ ಜೋಡಿಸಿರಲಿ.

ಎಣಿಕೆ

ಬೆಳಿಗ್ಗೆ 8ಕ್ಕೆ ಅಂಚೆ ಮತಗಳಿಂದ ಶುರು, ಅರ್ಧ ಗಂಟೆ ನಂತರ ಯಂತ್ರಗಳು. ಸಾಮಾನ್ಯವಾಗಿ 14 ಮೇಜು. ಪ್ರತಿ ಮೇಜಿಗೆ ಒಬ್ಬ ಎಣಿಕೆ ಏಜೆಂಟ್, ಜೊತೆಗೆ ಚುನಾವಣಾಧಿಕಾರಿಯ ಮೇಜಿಗೆ ಒಬ್ಬರು. ಇವರ ಕೆಲಸ ಟಿವಿ ನೋಡೋದಲ್ಲ, ಯಂತ್ರದ ಸಂಖ್ಯೆ ಮತ್ತು ಒಟ್ಟು ಮತ 17ಸಿಗೆ ಹೊಂದುತ್ತಾ ಅಂತ ಪ್ರತಿ ಸಲ ನೋಡೋದು. ಹೊಂದದಿದ್ದರೆ ಆಗಲೇ ಬರವಣಿಗೆಯಲ್ಲಿ ಆಕ್ಷೇಪ ಕೊಡಿ. ಕೊನೆಗೆ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ.

ಅಂಚೆ ಮತದ ಮೇಜಿಗೆ ನಿಮ್ಮ ಅತ್ಯಂತ ಗಟ್ಟಿ ಮನುಷ್ಯನನ್ನು ಕೂರಿಸಿ. 2023ರಲ್ಲಿ ಜಯನಗರ ತೀರ್ಮಾನವಾಗಿದ್ದು ಮರುಎಣಿಕೆ ನಂತರ 16 ಮತದಿಂದ. ಗಾಂಧಿನಗರದಲ್ಲಿ ಅಂತರ 105, ಶೃಂಗೇರಿಯಲ್ಲಿ 201, ಮಾಲೂರಿನಲ್ಲಿ 248. ಮರುಎಣಿಕೆ ಬೇಕಾದರೆ ಫಲಿತಾಂಶ ಘೋಷಣೆಗೆ ಮುಂಚೆ ಕಾರಣ ಸಮೇತ ಅರ್ಜಿ ಕೊಡಬೇಕು. ಘೋಷಣೆ ಆದ ಮೇಲೆ ಅಧಿಕಾರಿಯ ಕೈಯಲ್ಲಿ ಏನೂ ಇಲ್ಲ, ಉಳಿಯೋದು ಹೈಕೋರ್ಟ್‌ನಲ್ಲಿ ಚುನಾವಣಾ ಅರ್ಜಿ, ಅದಕ್ಕೆ 45 ದಿನ ಗಡುವು. ಮರುಎಣಿಕೆಯ ಖಾಲಿ ಅರ್ಜಿಯ ಎರಡು ಪ್ರತಿ ಟೈಪ್ ಮಾಡಿಸಿಕೊಂಡೇ ಎಣಿಕೆ ಕೇಂದ್ರಕ್ಕೆ ಹೋಗಿ.

ಫಲಿತಾಂಶದ ನಂತರದ 30 ದಿನ

ಗೆದ್ದರೂ ಸೋತರೂ, ಒಂದು ರೂಪಾಯಿ ಖರ್ಚು ಮಾಡದಿದ್ದರೂ, ಫಲಿತಾಂಶದ ದಿನದಿಂದ 30 ದಿನದೊಳಗೆ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಸೋತವರು ಫೋನ್ ಆಫ್ ಮಾಡಿ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿಬಿಡುತ್ತಾರೆ, ನೋಟಿಸ್ ಬಂದಾಗಲೇ ನೆನಪಾಗೋದು. ಸರಿಯಾದ ಕಾರಣವಿಲ್ಲದೆ ಲೆಕ್ಕ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಅಂಥವರ ಪಟ್ಟಿಯಲ್ಲಿ ಹೆಚ್ಚಿನವರು ಪಕ್ಷೇತರರೇ. 26ನೇ ದಿನ ಲೆಕ್ಕ ತಾಳೆ ಹಾಕುವ ಸಭೆ ಇರುತ್ತದೆ, ನಿಮ್ಮ ಮೂರು ಬಣ್ಣದ ಹಾಳೆಗೂ ಅವರ ನೆರಳು ರಿಜಿಸ್ಟರ್‌ಗೂ ವ್ಯತ್ಯಾಸ ಇದ್ದರೆ ಅಲ್ಲೇ ಕೂತು ಬಗೆಹರಿಸಿಕೊಳ್ಳಿ. ಬಿಲ್ಲು, ವೋಚರ್, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರಮಾಣಪತ್ರ ಎಲ್ಲದರ ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಂಡು, ಸಲ್ಲಿಸಿದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಠೇವಣಿ ಉಳಿದಿದ್ದರೆ ಅದನ್ನು ವಾಪಸ್ ಕೇಳುವ ಅರ್ಜಿಯನ್ನೂ ಬರೆದು ಕೊಡಬೇಕು, ತಾನಾಗಿ ಮನೆಗೆ ಬರಲ್ಲ.

ಬೂತ್ ಫೈಲ್‌ಗಳನ್ನು ಮಾತ್ರ ರದ್ದಿಗೆ ಹಾಕಬೇಡಿ. ಪ್ರತಿ ಬೂತ್‌ನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನುವ ನಮೂನೆ 20 ವೆಬ್‌ಸೈಟ್‌ಗೆ ಬರುತ್ತದೆ. ನೀವು ನಾಮಪತ್ರಕ್ಕೆ ಮುಂಚೆ ಬರೆದಿದ್ದ ಆ ಹಾಳೆಯ ಪಕ್ಕ ಅದನ್ನು ಇಟ್ಟು, ಬೂತ್ ಮುಖ್ಯಸ್ಥರನ್ನು ಕರೆದು, ಒಂದೊಂದೇ ಬೂತ್ ಓದಿ.